ಭಾನುವಾರದ ಚರ್ಚೆ: ಸಿನಿಮಾದಲ್ಲಿ ದೃಶ್ಯವೈಭವ ಮುಖ್ಯವೋ, ಕಥೆಯೋ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಮಡಿಕೇರಿಯಲ್ಲಿ ಸೇರುತ್ತಿದ್ದೇವೆ. ಗೋಣಿಕೊಪ್ಪ, ಸೋಮವಾರಪೇಟೆ ಕಡೆಯವರು ಮಳೆ ನೋಡಿಕೊಂಡು ಹೊರಡಿ. ಬರಲಾಗದವರು ಇಲ್ಲೇ ಬರೆದು ಹಾಕಿ.

ಈ ವಾರ ಇಲ್ಲಿ ವಾದ ಜೋರಾಗಿಯೇ ನಡೆಯಿತು. ‘ಗ್ರಾವಿಟಿ’ (2013) ಸುಮ್ನೆ ಕಣ್ಣಿಗೆ ಹಬ್ಬ, ಕಥೆಯೇ ಇಲ್ಲ ಎಂದರು ಕೆಲವರು. ಅದಕ್ಕೆ 7 ಆಸ್ಕರ್ ಬಂತು. ಆದರೆ ಚಿತ್ರಕಥೆಗೆ ನಾಮನಿರ್ದೇಶನವೂ ಸಿಗಲಿಲ್ಲ, ಅದೂ ನಿಜ. ನನಗೇನೋ ಬಾಹ್ಯಾಕಾಶದಲ್ಲಿ ಉಸಿರಿಗಾಗಿ ಒದ್ದಾಡುವ ಒಬ್ಬ ಹೆಂಗಸು ಸಾಕು, ಅದೇ ಕಥೆ. ‘ಇಂಟರ್‌ಸ್ಟೆಲ್ಲರ್’ (2014) ನೋಡಿ. ಕಪ್ಪುಕುಳಿ, ಬೆಟ್ಟದಂಥ ಅಲೆ ಎಲ್ಲಾ ಇದೆ. ಆದರೂ ಜನ ಅಳುವುದು ಬಾಹ್ಯಾಕಾಶಕ್ಕೆ ಹೋದ ಅಪ್ಪ ಪರದೆಯ ಮುಂದೆ ಕೂತು ಮಕ್ಕಳ ಸಂದೇಶ ನೋಡುವಾಗ. ಆ ಅಲೆಗಳಿರುವ ನೀರಿನ ಗ್ರಹದಲ್ಲಿ ಅವನು ಒಂದು ಗಂಟೆ ಕಳೆದರೆ ಭೂಮಿಯಲ್ಲಿ 7 ವರ್ಷ! ಈ ಲೆಕ್ಕ ಗೊತ್ತಿರುವುದರಿಂದಲೇ ಆ ದೃಶ್ಯ ನಾಟುತ್ತದೆ, ಅಲ್ವಾ?

ಹಾರರ್ ರೀಮೇಕ್‌ಗೂ ಇದೇ ಪ್ರಶ್ನೆ ಹಾಕುವುದಾದರೆ, ಮಲಯಾಳದ ‘ಮಣಿಚಿತ್ರತ್ತಾಳ್’ (1993) ನಮ್ಮಲ್ಲಿ ‘ಆಪ್ತಮಿತ್ರ’ (2004) ಆಯಿತು. ಆಮೇಲೆ ತಮಿಳಿಗೆ, ಹಿಂದಿಗೂ ಹೋಯಿತು. ಕನ್ನಡದಲ್ಲಿ ದೊಡ್ಡ ಹಾವು ಸೇರಿಕೊಂಡಿತು. ಆ ಹಾವನ್ನು ತೆಗೆದರೂ ಕಥೆ ಅಲುಗಾಡುವುದಿಲ್ಲ. ಸೌಂದರ್ಯ ಅವರ ಮುಖ ಬದಲಾಗುವ ಗಳಿಗೆಯನ್ನು ತೆಗೆಯಿರಿ ನೋಡೋಣ! (ಹಾವಿನ ಅಭಿಮಾನಿಗಳು ಭಾನುವಾರ ಸೇಡು ತೀರಿಸಿಕೊಳ್ಳಬಹುದು.)

ಒಂದು ಕೋರಿಕೆ. ನೋಡದವರೂ ಗುಂಪಿನಲ್ಲಿದ್ದಾರೆ, ಕೊನೆಯ ಗುಟ್ಟು ಇಲ್ಲಿ ಬಿಡಬೇಡಿ. ಉದ್ದುದ್ದ ವಾಯ್ಸ್ ಮೆಸೇಜ್ ಬೇಡ, ತೋಟದ ಕಡೆ ನೆಟ್‌ವರ್ಕ್ ಸಿಗುವುದೇ ಕಷ್ಟ. ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ಹಾಕಿ.