ಪಾಠ ಪುಸ್ತಕದಲ್ಲೇ ಉಳಿಯದಿರಲಿ

ಮಾನ್ಯರೇ,

ನನ್ನ ಮಗಳು ಶಿರಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಅವಳ ವಿಜ್ಞಾನ ಪುಸ್ತಕದ ಸಂತಾನೋತ್ಪತ್ತಿ ಪಾಠದಲ್ಲಿ ಹೂವಿನ ಪರಾಗಸ್ಪರ್ಶದವರೆಗೆ ಸಾಲುಸಾಲಿಗೂ ಪೆನ್ಸಿಲ್ ಗೆರೆಗಳಿವೆ. ಮನುಷ್ಯರ ವಿಷಯ ಆರಂಭವಾಗುವ ಪುಟದಿಂದ ಒಂದು ಗೆರೆಯೂ ಇಲ್ಲ. ಕೇಳಿದರೆ, ‘ಅದನ್ನು ಮನೆಯಲ್ಲೇ ಓದಿಕೊಳ್ಳಿ ಅಂದರು ಅಮ್ಮ’ ಎಂದು ತಲೆ ತಗ್ಗಿಸಿದಳು.

ಶಿಕ್ಷಕರನ್ನಷ್ಟೇ ದೂರಲಾರೆ. ಶಾಲೆಗಳಲ್ಲಿ ಲೈಂಗಿಕ ಆರೋಗ್ಯದ ತಿಳಿವಳಿಕೆ ನೀಡುವ ಹದಿಹರೆಯದ ಶಿಕ್ಷಣ ಕಾರ್ಯಕ್ರಮಕ್ಕೆ 2007ರಲ್ಲಿ ವಿರೋಧ ಎದ್ದಾಗ ಅದನ್ನು ತಡೆಹಿಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಆ ಅಳುಕು ಇಂದಿಗೂ ಶಾಲೆಗಳನ್ನು ಬಿಟ್ಟುಹೋಗಿಲ್ಲ. ಆದರೆ ಶಾಲೆ ಹೇಳದ್ದನ್ನು ಮೊಬೈಲ್ ಅಡ್ಡಾದಿಡ್ಡಿಯಾಗಿ ಹೇಳಿಕೊಡುತ್ತಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಡಿ 18 ವರ್ಷ ತುಂಬದವರ ಒಪ್ಪಿಗೆಗೆ ಮಾನ್ಯತೆಯೇ ಇಲ್ಲವೆಂಬುದು, ಪ್ರೀತಿಯೆಂದು ಹುಡುಗಿಯೊಡನೆ ಊರು ಬಿಟ್ಟು ಪ್ರಕರಣದಲ್ಲಿ ಸಿಲುಕುವ ಹುಡುಗನಿಗೆ ಮೊದಲೇ ಗೊತ್ತಿರಬೇಡವೇ? ಯಾರಾದರೂ ಅಸಭ್ಯವಾಗಿ ಮುಟ್ಟಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದೆಂಬುದು ಹುಡುಗಿಯರಷ್ಟೇ ಹುಡುಗರಿಗೂ ತಿಳಿದಿರಬೇಕು. ಮುಟ್ಟಿನ ಬಗ್ಗೆ ಮಾತನಾಡುವಾಗ ಹುಡುಗರನ್ನು ಹೊರಗೆ ಕಳಿಸುವ ರೂಢಿಯಂತೂ ನನಗೆ ಒಪ್ಪಿಗೆಯಿಲ್ಲ. ಗೇಲಿ ಹುಟ್ಟುವುದೇ ಆ ಮುಚ್ಚಿದ ಬಾಗಿಲಿನಿಂದ.

ಜಿಲ್ಲೆಯ ಶಿಕ್ಷಣ ಇಲಾಖೆಯು ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ವರ್ಷಕ್ಕೆರಡು ಬಾರಿಯಾದರೂ ತರಗತಿಗೆ ಕರೆಸಬೇಕು. ಪಾಠಕ್ಕೆ ಮುನ್ನ ಪೋಷಕರ ಸಭೆ ಕರೆದು ಏನು ಹೇಳಿಕೊಡಲಾಗುವುದೆಂದು ತಿಳಿಸಿದರೆ ನಮ್ಮಂಥವರ ಅಂಜಿಕೆಯೂ ಕಡಿಮೆಯಾದೀತು. ಪರೀಕ್ಷೆಗೆ ಮೊದಲು ಆ ಪುಟಗಳನ್ನು ತರಗತಿಯಲ್ಲೇ ಓದಿಸಬೇಕೆಂದು ಕೋರುತ್ತೇನೆ.

– ಒಬ್ಬ ತಾಯಿ, ಶಿರಾ, ತುಮಕೂರು ಜಿಲ್ಲೆ