ಮೆಮೊರಿ ಸೋರುತ್ತಿರುವುದು ನಿಮ್ಮ ಗೇಮ್‌ನಲ್ಲಿ, ನಮ್ಮ ಸಿಸ್ಟಂನಲ್ಲಿ ಅಲ್ಲ

ಇಂದ:
ಗೇಮಿಂಗ್ ಕೆಫೆ ಮಾಲೀಕ,
ವಿದ್ಯಾನಗರ, ದಾವಣಗೆರೆ

ಗೆ:
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಹೊಸ ಅಪ್‌ಡೇಟ್ ಬಂದ ಮೇಲೆ ಮೆಮೊರಿ ಸಾಲದೆ ಗೇಮ್ ಕ್ರ್ಯಾಶ್ ಆಗುತ್ತಿರುವುದು ಮತ್ತು ನಿಮ್ಮ ಸಹಾಯ ವಿಭಾಗ ಕೊಟ್ಟ ತಪ್ಪು ಸಲಹೆಗಳ ಬಗ್ಗೆ

ಮಾನ್ಯರೇ,

ನನ್ನದು ಕಾಲೇಜು ಹುಡುಗರೇ ಹೆಚ್ಚಾಗಿ ಬರುವ ಸಣ್ಣ ಗೇಮಿಂಗ್ ಕೆಫೆ. ನಿಮ್ಮಿಂದ ಕೆಫೆ ಲೈಸೆನ್ಸ್ ತೆಗೆದುಕೊಂಡು ಗಂಟೆ ಲೆಕ್ಕದಲ್ಲಿ ಗೇಮ್ ಆಡಿಸುತ್ತೇನೆ. ನೀವು ಹೊಸ ಮ್ಯಾಪ್ ಸೇರಿಸಿ ದೊಡ್ಡ ಅಪ್‌ಡೇಟ್ ಬಿಡುವವರೆಗೆ ಯಾವ ತೊಂದರೆಯೂ ಇರಲಿಲ್ಲ. ಅದು ಬಂದ ಮೇಲೆ ಎಲ್ಲ ಸಿಸ್ಟಂಗಳಲ್ಲೂ ಒಂದೇ ಕಥೆ. ಆಡಲು ಕೂತು ಒಂದು ಗಂಟೆ ಆಗುವಷ್ಟರಲ್ಲಿ ಸ್ಕ್ರೀನ್ ತಡವರಿಸುತ್ತದೆ. ಆಮೇಲೆ ಸೌಂಡ್ ಹರಿದುಹೋದ ಹಾಗೆ ಕೇಳಿಸುತ್ತದೆ. ಕೊನೆಗೆ ಗೇಮ್ ತಾನಾಗಿಯೇ ಮುಚ್ಚಿಕೊಂಡು, ಮೆಮೊರಿ ಸಾಲದು ಎಂಬ ಸಂದೇಶ ಮಾತ್ರ ಉಳಿಯುತ್ತದೆ.

"ಅಣ್ಣಾ, ಮತ್ತೆ ಹೋಯ್ತು" ಅಂತ ಹುಡುಗರು ಕೂಗುವುದು ಈಗ ದಿನದ ಮಾತಾಗಿದೆ. ಆ ಗಂಟೆಯ ದುಡ್ಡು ನಾನು ತೆಗೆದುಕೊಳ್ಳುವುದಿಲ್ಲ. ಅದು ನನ್ನ ನಷ್ಟ, ಇರಲಿ. ಆದರೆ ಹುಡುಗರಿಗೆ ಆಗುವ ಅನ್ಯಾಯವನ್ನು ನೋಡಿಕೊಂಡು ಸುಮ್ನೆ ಇರಲು ಆಗುವುದಿಲ್ಲ. ಗೇಮ್ ಕ್ರ್ಯಾಶ್ ಆದರೆ ನಿಮ್ಮ ಸರ್ವರ್ ಅದನ್ನು "ಪಂದ್ಯ ಬಿಟ್ಟು ಹೋದರು" ಅಂತ ಬರೆದುಕೊಳ್ಳುತ್ತದೆ. ರ‍್ಯಾಂಕ್ ಪಾಯಿಂಟ್ ಕಡಿತವಾಗುತ್ತದೆ. ಸ್ವಲ್ಪ ಹೊತ್ತು ಮುಂದಿನ ಪಂದ್ಯಕ್ಕೂ ಸೇರಿಸಿಕೊಳ್ಳುವುದಿಲ್ಲ. ತಿಂಗಳುಗಟ್ಟಲೆ ಆಡಿ ಮೇಲೆ ಬಂದ ಹುಡುಗ, ತನ್ನದಲ್ಲದ ತಪ್ಪಿಗೆ ಒಂದೇ ಸಂಜೆಯಲ್ಲಿ ಕೆಳಗಿಳಿಯುತ್ತಾನೆ. ಅವನ ಜೊತೆ ಆಡುತ್ತಿದ್ದ ಉಳಿದವರು ಒಬ್ಬ ಕಡಿಮೆಯಾಗಿ ಸೋಲುತ್ತಾರೆ.

ನಿಮ್ಮ ಸಹಾಯ ವಿಭಾಗಕ್ಕೆ ಬರೆದಾಗಲೆಲ್ಲ ಬಂದ ಉತ್ತರ ಹೆಚ್ಚುಕಡಿಮೆ ಒಂದೇ. ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಗೇಮ್ ಫೈಲ್ ಸರಿ ಇದೆಯಾ ನೋಡಿ, ಆಂಟಿವೈರಸ್ ನಿಲ್ಲಿಸಿ, ಗೇಮ್ ತೆಗೆದು ಮತ್ತೆ ಹಾಕಿ. ಹೇಳಿದ್ದನ್ನೆಲ್ಲ ಮಾಡಿದ್ದೇನೆ. ಒಂದಕ್ಕೂ ಫಲ ಸಿಗಲಿಲ್ಲ. ಸಿಗುವುದೂ ಸಾಧ್ಯವಿಲ್ಲ, ಯಾಕೆಂದರೆ ತೊಂದರೆ ಇರುವ ಜಾಗವೇ ಬೇರೆ. ಅದನ್ನು ನಾನೇ ಕೂತು ಹುಡುಕಿದೆ. ದಯವಿಟ್ಟು ಈ ಭಾಗವನ್ನು ನಿಮ್ಮ ಇಂಜಿನಿಯರ್‌ಗಳಿಗೆ ಓದಲು ಕೊಡಿ.

ನಮ್ಮ ಸಿಸ್ಟಂಗಳಲ್ಲಿ 8 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 256 ಜಿಬಿ ಎಸ್‌ಎಸ್‌ಡಿ, 64 ಬಿಟ್ ವಿಂಡೋಸ್ ಇವೆ. ನಿಮ್ಮ ಪೆಟ್ಟಿಗೆಯ ಮೇಲೂ ವೆಬ್‌ಸೈಟ್‌ನಲ್ಲೂ "ಕನಿಷ್ಠ 8 ಜಿಬಿ" ಅಂತಲೇ ಬರೆದಿದೆ. ಮೊದಲು ನಮ್ಮ ರ‍್ಯಾಮೇ ಕೆಟ್ಟಿರಬಹುದಾ ಅಂತ ನೋಡಿದೆ. ವಿಂಡೋಸ್‌ನಲ್ಲೇ ಬರುವ ಮೆಮೊರಿ ಪರೀಕ್ಷೆ ಮಾಡಿದೆ. ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಎಂಬ ಇನ್ನೊಂದು ಪ್ರೋಗ್ರಾಂ ಅನ್ನು ರಾತ್ರಿಯಿಡೀ ಓಡಲು ಬಿಟ್ಟೆ. ಒಂದು ದೋಷವೂ ಕಾಣಲಿಲ್ಲ. ಅದೇ ಸಿಸ್ಟಂಗಳಲ್ಲಿ ಬೇರೆ ಗೇಮ್‌ಗಳು ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತವೆ. ಬ್ರೌಸರ್, ವಾಯ್ಸ್ ಚಾಟ್, ಓವರ್‌ಲೇ ಎಲ್ಲ ಮುಚ್ಚಿ ನಿಮ್ಮ ಗೇಮ್ ಒಂದನ್ನೇ ಓಡಿಸಿದರೂ ಕ್ರ್ಯಾಶ್ ಬಂದೇ ಬಂತು.

ಆಮೇಲೆ ಯಾವ ಪ್ರೋಗ್ರಾಂ ಎಷ್ಟು ಮೆಮೊರಿ ಬಳಸುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ನೋಡುತ್ತಾ ಕೂತೆ. ಮೆಮೊರಿ ಪುಟದಲ್ಲಿ "ಕಮಿಟೆಡ್" ಅಂತ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಪ್ರೋಗ್ರಾಂಗಳಿಗೆ ಕೊಡುತ್ತೇನೆ ಅಂತ ವಿಂಡೋಸ್ ಒಪ್ಪಿಕೊಂಡಿರುವ ಮೆಮೊರಿ. ಎರಡನೆಯದು ಅದರ ಮಿತಿ, ಅಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ (ರ‍್ಯಾಮ್‌ಗೆ ನೆರವಾಗಿ ವಿಂಡೋಸ್ ಡ್ರೈವ್‌ನಲ್ಲಿ ಇಟ್ಟುಕೊಳ್ಳುವ ಫೈಲ್) ಎರಡೂ ಸೇರಿದ್ದು. ಮೊದಲ ಸಂಖ್ಯೆ ಎರಡನೆಯದನ್ನು ಮುಟ್ಟಿದರೆ, ಇನ್ನಷ್ಟು ಮೆಮೊರಿ ಕೇಳಿದ ಪ್ರೋಗ್ರಾಂಗೆ ವಿಂಡೋಸ್ ಇಲ್ಲ ಅನ್ನುತ್ತದೆ. ಆ "ಇಲ್ಲ" ಕೇಳಿದ ಕೂಡಲೇ ನಿಮ್ಮ ಗೇಮ್ ಬೀಳುತ್ತದೆ.

ಗೇಮ್ ಎಷ್ಟು ಕೇಳುತ್ತಿದೆ ಅಂತ ತಿಳಿಯಲು ಡೀಟೇಲ್ಸ್ ಪುಟದಲ್ಲಿ "ಕಮಿಟ್ ಸೈಜ್" ಕಾಲಂ ಹಾಕಿಕೊಂಡೆ. ಲಾಬಿಯಲ್ಲಿ, ಅಂದರೆ ಪಂದ್ಯಕ್ಕೆ ಮೊದಲು ಕಾಯುವ ಪರದೆಯಲ್ಲಿ, ಇರುವಾಗ ಒಂದು ಅಳತೆ. ಒಂದು ಪಂದ್ಯ ಮುಗಿಸಿ ಮತ್ತೆ ಲಾಬಿಗೆ ಬಂದರೆ ಅದು ಹಳೆಯ ಅಳತೆಗೆ ಇಳಿಯಬೇಕು, ಅಲ್ವಾ? ಮ್ಯಾಪ್ ಹೋಯಿತು, ಅದರ ಚಿತ್ರಗಳು ಹೋದವು, ಸದ್ದುಗಳು ಹೋದವು. ಅದು ಇಳಿಯುವುದಿಲ್ಲ. ಪಂದ್ಯ ಮುಗಿದ ಪ್ರತಿ ಸಲವೂ ಸುಮಾರು ಅರ್ಧ ಜಿಬಿ ಮೇಲೆಯೇ ನಿಲ್ಲುತ್ತದೆ. ಹೊಸ ಮ್ಯಾಪ್ ಆಡಿದರೆ ಇನ್ನೂ ಜಾಸ್ತಿ. ಹಳೆಯ ಮ್ಯಾಪ್‌ಗಳನ್ನಷ್ಟೇ ಆಡಿದರೆ ಏರಿಕೆ ತೀರಾ ಕಡಿಮೆ. ಇದಕ್ಕಿಂತ ಸ್ಪಷ್ಟವಾದ ಸುಳಿವು ನಿಮಗೆ ಬೇಕಾ? ತೆಗೆದುಕೊಂಡ ಮೆಮೊರಿಯನ್ನು ನಿಮ್ಮ ಹೊಸ ಮ್ಯಾಪ್ ವಾಪಸ್ ಕೊಡುತ್ತಿಲ್ಲ. ಮೆಮೊರಿ ಲೀಕ್ ಅನ್ನುವುದು ಇದನ್ನೇ.

ವಿಂಡೋಸ್ ಕೂಡ ಇದನ್ನೇ ಹೇಳುತ್ತಿದೆ. ಕ್ರ್ಯಾಶ್ ಆದ ಹೊತ್ತಿಗೆ ಸರಿಯಾಗಿ, ವಿಂಡೋಸ್ ತನ್ನ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ರಿಸೋರ್ಸ್ ಎಕ್ಸಾಸ್ಚನ್ ಡಿಟೆಕ್ಟರ್ ಎಂಬ ಹೆಸರಿನಲ್ಲಿ 2004 ನಂಬರಿನ ಎಚ್ಚರಿಕೆ ಬಂದಿದೆ. ಅತಿ ಹೆಚ್ಚು ವರ್ಚುವಲ್ ಮೆಮೊರಿ ಹಿಡಿದಿರುವ ಪ್ರೋಗ್ರಾಂಗಳ ಹೆಸರನ್ನು ಅದು ಬೈಟ್ ಲೆಕ್ಕದ ಸಮೇತ ಬರೆದಿಡುತ್ತದೆ. ಎಲ್ಲ ಸಿಸ್ಟಂಗಳಲ್ಲೂ ಮೊದಲ ಹೆಸರು ನಿಮ್ಮ ಗೇಮ್‌ನದೇ.

ರ‍್ಯಾಮ್ ಹೆಚ್ಚಿಸಿಕೊಳ್ಳಿ ಅಂತ ನಿಮ್ಮ ಪ್ರತಿನಿಧಿಯೊಬ್ಬರು ಹೇಳಿದರು. ಅದನ್ನೂ ನೋಡಿದೆ. ಒಂದು ಸಿಸ್ಟಂಗೆ ಕೈಯಿಂದ ಖರ್ಚು ಮಾಡಿ 16 ಜಿಬಿ ಹಾಕಿಸಿದೆ. ಕ್ರ್ಯಾಶ್ ನಿಲ್ಲಲಿಲ್ಲ, ತಡವಾಗಿ ಬಂತು ಅಷ್ಟೇ. ಸೋರುವ ನಲ್ಲಿಯ ಕೆಳಗೆ ದೊಡ್ಡ ಬಕೆಟ್ ಇಟ್ಟರೆ ಸೋರುವುದು ನಿಲ್ಲುತ್ತದಾ? ಪೇಜ್ ಫೈಲ್ ದೊಡ್ಡದು ಮಾಡಿದಾಗಲೂ ಹೀಗೇ ಆಯಿತು. ಗೇಮ್ ಇನ್ನಷ್ಟು ಹೊತ್ತು ಉಳಿಯಿತು, ಆದರೆ ಎಸ್‌ಎಸ್‌ಡಿಗೂ ರ‍್ಯಾಮ್‌ಗೂ ನಡುವೆ ಓಡಾಟ ಜಾಸ್ತಿಯಾಗಿ ಆಟವೇ ಆಡಲಾಗದಷ್ಟು ತಡವರಿಸಿತು.

ಪೇಜ್ ಫೈಲ್ ವಿಷಯದಲ್ಲಿ ಇನ್ನೊಂದು ಮಾತಿದೆ. ಇದನ್ನು ನಿಮ್ಮ ಸಹಾಯ ಪುಟದಲ್ಲಿ ಎಲ್ಲಿಯೂ ಬರೆದಿಲ್ಲ. ಪೇಜ್ ಫೈಲ್ ಅನ್ನು ವಿಂಡೋಸ್‌ಗೇ ಬಿಟ್ಟಿದ್ದರೆ ಅದು ಬೇಕಾದಂತೆ ಬೆಳೆಯುತ್ತದೆ. ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಯಾವುದು ದೊಡ್ಡದೋ ಅಲ್ಲಿಯವರೆಗೆ ಹೋಗಬಹುದು. ಆದರೆ ಡ್ರೈವ್‌ನ ಎಂಟನೇ ಒಂದು ಭಾಗವನ್ನು ಮೀರುವಂತಿಲ್ಲ. ಡ್ರೈವ್‌ನಲ್ಲಿ ಖಾಲಿ ಜಾಗವೇ ಇಲ್ಲದಿದ್ದರೆ ಅಷ್ಟೂ ಬೆಳೆಯಲಾರದು. ನಿಮ್ಮ ಗೇಮ್ ಪ್ರತಿ ಅಪ್‌ಡೇಟ್‌ಗೂ ಹತ್ತಾರು ಜಿಬಿ ನುಂಗುತ್ತದೆ. ಜಾಗ ತುಂಬಿದ ಸಿಸ್ಟಂಗಳಲ್ಲಿ ಕ್ರ್ಯಾಶ್ ಬೇಗ ಬರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎಷ್ಟೋ ಹುಡುಗರು ಎಸ್‌ಎಸ್‌ಡಿ ಹಾಳಾಗುತ್ತದೆ ಅಂತ ಯಾರೋ ಹೇಳಿದ್ದನ್ನು ಕೇಳಿ ಮನೆಯ ಲ್ಯಾಪ್‌ಟಾಪ್‌ನಲ್ಲಿ ಪೇಜ್ ಫೈಲನ್ನೇ ತೆಗೆದು ಹಾಕಿರುತ್ತಾರೆ. ಅವರಿಗೆ ಮೆಮೊರಿ ಮಿತಿ ಬರೀ ರ‍್ಯಾಮ್‌ನಷ್ಟೇ ಆಗುತ್ತದೆ. ಪೇಜ್ ಫೈಲ್ ತೆಗೆಯಬೇಡಿ, ಡ್ರೈವ್‌ನಲ್ಲಿ ಜಾಗ ಬಿಡಿ ಅಂತ ಎರಡು ಸಾಲು ಬರೆದಿದ್ದರೆ ಎಷ್ಟೋ ಜನರ ಕಷ್ಟ ಅರ್ಧ ಕಡಿಮೆ ಆಗುತ್ತಿತ್ತು.

ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿ ಬೇರೆ, ರ‍್ಯಾಮ್ ಬೇರೆ. ನಿಮ್ಮವರ ಉತ್ತರಗಳಲ್ಲಿ ಇವೆರಡೂ ಕಲಸಿಹೋಗಿವೆ. ಟೆಕ್ಸ್ಚರ್ ಅನ್ನು, ಅಂದರೆ ಗೇಮ್‌ನ ಚಿತ್ರಗಳ ಗುಣಮಟ್ಟವನ್ನು, ತೀರಾ ಕೆಳಗೆ ಇಳಿಸಿ ಆಡಿಸಿದೆ. ಕಾರ್ಡ್‌ನ ಮೆಮೊರಿ ಬಳಕೆ ಇಳಿಯಿತು. ಆದರೆ ಪಂದ್ಯದಿಂದ ಪಂದ್ಯಕ್ಕೆ ಕಮಿಟ್ ಸೈಜ್ ಏರುವುದು ನಿಲ್ಲಲಿಲ್ಲ. ಹೀಗಿರುವಾಗ ಡ್ರೈವರ್ ಬದಲಿಸಿ ಅಂತ ಮತ್ತೆ ಮತ್ತೆ ಹೇಳುವುದರಿಂದ ಏನು ಪ್ರಯೋಜನ?

ನನಗೆ ನಿಜವಾಗಿ ಸಿಟ್ಟು ಬಂದಿದ್ದು ಕೊನೆಯ ಸಲಹೆಗೆ. ಗೇಮ್‌ನ ಮುಖ್ಯ ಫೈಲನ್ನು ಒಂದು ಟೂಲ್‌ನಿಂದ ತಿದ್ದಿ, ಅದು 4 ಜಿಬಿ ಬಳಸುವಂತೆ ಮಾಡಿ ಅಂತ ನಿಮ್ಮ ಪ್ರತಿನಿಧಿ ಬರೆದಿದ್ದಾರೆ. ಆ ಉಪಾಯ 32 ಬಿಟ್ ಗೇಮ್‌ಗಳದ್ದು. 32 ಬಿಟ್ ಪ್ರೋಗ್ರಾಂಗೆ ವಿಂಡೋಸ್ ಸಾಮಾನ್ಯವಾಗಿ 2 ಜಿಬಿ ಮಾತ್ರ ಕೊಡುತ್ತದೆ. ಹಾಗೆ ತಿದ್ದಿದರೆ 64 ಬಿಟ್ ವಿಂಡೋಸ್‌ನಲ್ಲಿ 4 ಜಿಬಿವರೆಗೆ ಸಿಗುತ್ತದೆ. ಹಳೆಯ ಗೇಮ್‌ಗಳಿಗೆ ಅದು ಒಳ್ಳೆಯ ಮದ್ದು. ನಿಮ್ಮ ಗೇಮ್ 64 ಬಿಟ್. ಟಾಸ್ಕ್ ಮ್ಯಾನೇಜರ್‌ನಲ್ಲೇ ಅದು ಕಾಣುತ್ತದೆ. ಆಗಲೇ 4 ಜಿಬಿಗಿಂತ ಜಾಸ್ತಿ ಬಳಸುತ್ತಿರುವ ಗೇಮ್‌ಗೆ ಈ ಸಲಹೆ ಕೊಟ್ಟವರು ನನ್ನ ಪತ್ರವನ್ನು ಓದಿಯೇ ಇಲ್ಲ. ನಾನು ಹಾಗೆ ಮಾಡಲಿಲ್ಲ. ನಮ್ಮಲ್ಲಿಗೆ ಬರುವ ಒಬ್ಬ ಹುಡುಗನಿಗೂ ಇದೇ ಉತ್ತರ ಬಂದಿತ್ತು. ಅವನು ನಿಮ್ಮನ್ನು ನಂಬಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಿದ. ಫೈಲ್ ಬದಲಾಗಿದೆ ಅಂತ, ಮೋಸದಾಟ ಹಿಡಿಯುವ ನಿಮ್ಮದೇ ಆಂಟಿ ಚೀಟ್ ಪ್ರೋಗ್ರಾಂ ಅವನ ಖಾತೆಯನ್ನು ತಡೆಹಿಡಿಯಿತು. ಮೋಸ ಮಾಡಿದವನು ಅನ್ನುವ ಹಣೆಪಟ್ಟಿ ಅವನಿಗೆ ಅಂಟಿತು. ಅವನು ಮಾಡಿದ ತಪ್ಪೇನು ಹೇಳಿ?

ಆ ಖಾತೆಯನ್ನು ಮೊದಲು ಬಿಡಿಸಿ. ಉಳಿದಿದ್ದೆಲ್ಲ ಆಮೇಲೆ. ಅವನ ಅನುಮತಿ ಪಡೆದು, ನಿಮ್ಮ ಪ್ರತಿನಿಧಿ ಬರೆದ ಉತ್ತರವನ್ನು ಇದರ ಜೊತೆ ಕಳಿಸುತ್ತಿದ್ದೇನೆ. ಆ ಸಲಹೆಯನ್ನು ಇನ್ನು ಯಾರಿಗೂ ಕಳಿಸದಂತೆ ನೋಡಿಕೊಳ್ಳಿ.

ಲೀಕ್ ಸರಿಪಡಿಸುವ ಪ್ಯಾಚ್ ಯಾವಾಗ ಬರುತ್ತದೆ ಅಂತ ದಿನಾಂಕ ಹೇಳಿ. ಅಲ್ಲಿಯವರೆಗೆ ಹೊಸ ಮ್ಯಾಪನ್ನು ರ‍್ಯಾಂಕ್ ಪಂದ್ಯಗಳಿಂದ ತೆಗೆಯಿರಿ. ಮೆಮೊರಿ ಸಾಲದೆ ಬಿದ್ದ ಪಂದ್ಯಗಳ ಕ್ರ್ಯಾಶ್ ವರದಿ ನಿಮ್ಮ ಸರ್ವರ್‌ಗೇ ಬಂದಿರುತ್ತದೆ. ಆ ಆಟಗಾರರ ಪಾಯಿಂಟ್ ವಾಪಸ್ ಕೊಡುವುದು ನಿಮಗೆ ಕಷ್ಟದ ಕೆಲಸವಲ್ಲ. 8 ಜಿಬಿಯಲ್ಲಿ ಗೇಮ್ ನಿಲ್ಲುವುದಿಲ್ಲ ಅಂತಾದರೆ, ಕನಿಷ್ಠ 8 ಜಿಬಿ ಅನ್ನುವ ಸಾಲನ್ನು ಇವತ್ತೇ ತಿದ್ದಿ. ಅದನ್ನು ನೋಡಿಯೇ ನಾನು ಸಿಸ್ಟಂ ಕಟ್ಟಿಸಿದ್ದು. ಅಪ್‌ಡೇಟ್ ಬಂದ ದಿನದಿಂದ ಪ್ಯಾಚ್ ಬರುವ ದಿನದವರೆಗಿನ ಕೆಫೆ ಲೈಸೆನ್ಸ್ ಶುಲ್ಕವನ್ನು ನನಗೆ ಮರಳಿಸಬೇಕು.

ಇದು ವ್ಯಾಪಾರಕ್ಕೆ ಕೊಂಡಿದ್ದು, ನೀವು ಗ್ರಾಹಕರಲ್ಲ ಅಂತ ಫೋನಿನಲ್ಲಿ ಒಬ್ಬರು ಹೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಮಾತ್ರ ಬಳಸುವುದನ್ನು ವಾಣಿಜ್ಯ ಉದ್ದೇಶ ಅಂತ ಎಣಿಸುವುದಿಲ್ಲ. ಕೆಫೆಯಲ್ಲಿ ಕೂರುವವನೂ ನಾನೇ, ಕಸ ಗುಡಿಸುವವನೂ ನಾನೇ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಹೇಳಿ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಾನಿರುವ ಊರಿನಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ಕೊಟ್ಟಿದೆ. ಅಲ್ಲಿಯವರೆಗೆ ಹೋಗುವ ಆಸೆ ನನಗಿಲ್ಲ. ಈ ಗೇಮ್ ನಮ್ಮ ಹುಡುಗರಿಗೆ ಇಷ್ಟ. ಅದು ಸರಿಯಾಗಿ ಓಡಬೇಕು ಅನ್ನುವುದೇ ನನ್ನ ಬೇಡಿಕೆ.

ಈವೆಂಟ್ ಲಾಗ್, ಕ್ರ್ಯಾಶ್ ಆದ ಕ್ಷಣದ ಸ್ಥಿತಿ ದಾಖಲಾಗಿರುವ ಕ್ರ್ಯಾಶ್ ಡಂಪ್ ಫೈಲ್‌ಗಳು, ಪಂದ್ಯದಿಂದ ಪಂದ್ಯಕ್ಕೆ ಕಮಿಟ್ ಸೈಜ್ ಏರಿದ ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿದ್ದೇನೆ. ಕಾಲೇಜು ಬಿಡುವವರೆಗೆ ಕೆಫೆ ಖಾಲಿ ಇರುತ್ತದೆ. ನಿಮ್ಮ ಇಂಜಿನಿಯರ್ ದೂರದಿಂದಲೇ ಸಿಸ್ಟಂ ನೋಡಬೇಕು ಅಂದರೆ ಬೆಳಗಿನ ಹೊತ್ತು ಯಾವುದನ್ನು ಬೇಕಾದರೂ ಬಿಟ್ಟುಕೊಡುತ್ತೇನೆ. 8 ಜಿಬಿಯದೂ ಇದೆ, 16 ಜಿಬಿಯದೂ ಇದೆ.

ಇಂತಿ ತಮ್ಮ ವಿಶ್ವಾಸಿ,
ಗೇಮಿಂಗ್ ಕೆಫೆ ಮಾಲೀಕ
ದಾವಣಗೆರೆ