ಮಾಳಿಗೆಯ ಮೇಲಿದ್ದವನು ದಾವೀದ

ಮಾನ್ಯ ಸಂಪಾದಕರೆ,

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಪತ್ರಿಕೆಗಳ ಅಧ್ಯಾತ್ಮ ಅಂಕಣಗಳಲ್ಲಿ, ಚರ್ಚಿನ ಪ್ರಸಂಗಗಳಲ್ಲಿ ಬೈಬಲಿನ ಅರಸ ದಾವೀದ ಮತ್ತು ಬತ್ಷೆಬೆಯರ ಕತೆ ಹೊರಬರುತ್ತದೆ. ಹೇಳುವ ರೀತಿಯೂ ಹೆಚ್ಚುಕಡಿಮೆ ಒಂದೇ. ಚೆಲುವೆಯೊಬ್ಬಳು ಮಾಳಿಗೆಯ ಮೇಲೆ ಮೀಯುತ್ತಿದ್ದಳು, ಭಕ್ತನಾದ ಅರಸ ಗಳಿಗೆಹೊತ್ತು ಮೈಮರೆತ, ಆಮೇಲೆ ಅತ್ತ, ದೇವರು ಕ್ಷಮಿಸಿದ. ಆದ್ದರಿಂದ ಕಣ್ಣು ಹತೋಟಿಯಲ್ಲಿರಲಿ. ಮೂಲದಲ್ಲಿ ಇಲ್ಲದ ಮಾಳಿಗೆಸ್ನಾನ ಇಲ್ಲಿ ಸೇರಿಕೊಂಡಿದೆ, ಮೂಲದಲ್ಲಿರುವ ಅವಳ ಗಂಡನ ಕೊಲೆ ಕಾಣೆಯಾಗಿದೆ.

ಸಮುವೇಲನ ಎರಡನೆಯ ಗ್ರಂಥದ 11ನೇ ಅಧ್ಯಾಯ ತೆರೆದು ನೋಡಿ. ಅರಸರು ದಂಡೆತ್ತಿ ಹೋಗುವ ಕಾಲ. ಸೈನ್ಯವೆಲ್ಲ ರಬ್ಬಾ ಪಟ್ಟಣವನ್ನು ಮುತ್ತಿದೆ, ಅರಸ ಮಾತ್ರ ಯೆರೂಸಲೇಮಿನಲ್ಲಿ ಉಳಿದು ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆಯ ಮೇಲೆ ಅಡ್ಡಾಡುತ್ತಿದ್ದಾನೆ. ಮಾಳಿಗೆಯ ಮೇಲಿದ್ದವನು ಅವನು. ಅವಳು ಎಲ್ಲಿ ಮೀಯುತ್ತಿದ್ದಳೆಂದು ಮೂಲ ಹೇಳುವುದೇ ಇಲ್ಲ. 4ನೇ ವಚನ ಅವಳು ಅಶುದ್ಧತೆ ಕಳೆದು ಶುದ್ಧಳಾಗಿದ್ದನ್ನು ಹೇಳುತ್ತದೆ. ಇದನ್ನು ಮುಟ್ಟು ಕಳೆದ ಮೇಲಿನ ಸ್ನಾನವೆಂದೇ ಸಾಮಾನ್ಯವಾಗಿ ಅರ್ಥಮಾಡುತ್ತಾರೆ. ಯಾಜಕಕಾಂಡ 15ರ ಪ್ರಕಾರ ಆ ಅಶುದ್ಧತೆ ಏಳು ದಿನದ್ದು. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತೆಗಾರ ಈ ವಿವರವನ್ನು ಸುಮ್ಮನೆ ಇಟ್ಟಿಲ್ಲ. ಮುಂದೆ ಹುಟ್ಟುವ ಮಗು ಗಂಡ ಊರೀಯನದ್ದಾಗಿರಲು ಸಾಧ್ಯವಿಲ್ಲ ಎಂಬುದನ್ನು ಇಲ್ಲೇ ಖಾತ್ರಿಪಡಿಸಿಟ್ಟಿದ್ದಾನೆ.

ಮೈಮರೆತ ಎಂಬ ಮಾತೂ ನಿಲ್ಲುವುದಿಲ್ಲ. ಅವಳು ಯಾರೆಂದು ದಾವೀದ ವಿಚಾರಿಸುತ್ತಾನೆ, ಊರೀಯನ ಹೆಂಡತಿ ಎಂಬ ಉತ್ತರ 3ನೇ ವಚನದಲ್ಲೇ ಬರುತ್ತದೆ. ಗೊತ್ತಾದ ಮೇಲೆ ಆಳುಗಳನ್ನು ಕಳುಹಿಸುತ್ತಾನೆ. ಈ ಅಧ್ಯಾಯದುದ್ದಕ್ಕೂ ಮತ್ತೆ ಮತ್ತೆ ಬರುವ ಕ್ರಿಯಾಪದ ‘ಕಳುಹಿಸಿದ’. ಅಧಿಕಾರ ಇದ್ದವನು ಕೂತಲ್ಲಿಂದಲೇ ಕೆಲಸ ಮಾಡಿಸುವ ಬಗೆ ಅದು. ಬತ್ಷೆಬೆ ಈ ಅಧ್ಯಾಯದಲ್ಲಿ ಆಡುವುದು ಹೀಬ್ರೂ ಭಾಷೆಯ ಎರಡೇ ಪದ: ನಾನು ಬಸುರಿ.

ಅಲ್ಲಿಂದ ಕತೆಯ ಬಹುಪಾಲು ಊರೀಯನದು. ಬಸಿರು ಗಂಡನದೆಂದು ತೋರಲಿ ಎಂದು ದಾವೀದ ರಣರಂಗದಿಂದ ಅವನನ್ನು ಕರೆಸಿ, ಮನೆಗೆ ಹೋಗಿ ಕಾಲು ತೊಳೆದುಕೋ ಎಂದರೆ ಅವನು ಅರಮನೆಯ ಬಾಗಿಲಲ್ಲೇ ಮಲಗುತ್ತಾನೆ. ದೇವರ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷವೂ ಸೈನ್ಯವೂ ಡೇರೆಗಳಲ್ಲಿರುವಾಗ ನಾನು ಮನೆಗೆ ಹೋಗಿ ಉಂಡು, ಕುಡಿದು, ಹೆಂಡತಿಯ ಜೊತೆ ಮಲಗಲೇ ಎನ್ನುತ್ತಾನೆ. ಅವನು ಇಸ್ರೇಲಿನವನೂ ಅಲ್ಲ, ಹಿತ್ತಿಯ ಎಂಬ ಬೇರೆ ಜನಾಂಗದವನು. ಮರುದಿನ ಕುಡಿಸಿ ಅಮಲೇರಿಸಿದರೂ ಮನೆಯ ಕಡೆ ಹೋಗಲಿಲ್ಲ. ಕೊನೆಗೆ ಅವನನ್ನು ಸಾಯಿಸಲು ಸೇನಾಪತಿ ಯೋವಾಬನಿಗೆ ಬರೆದ ಪತ್ರವನ್ನು ದಾವೀದ ಅವನ ಕೈಯಲ್ಲೇ ಕೊಟ್ಟು ಕಳುಹಿಸುತ್ತಾನೆ. ನಂಬಿಕೆಯ ಬಗ್ಗೆ ಪಾಠ ಮಾಡುವವರು ದಾವೀದನ ಕಣ್ಣೀರಿಗಿಂತ ಮೊದಲು ಈ ಬಾಗಿಲ ಬಳಿ ಸ್ವಲ್ಪ ನಿಲ್ಲಬೇಕು.

12ನೇ ಅಧ್ಯಾಯದಲ್ಲಿ ಪ್ರವಾದಿ ನಾತಾನ್ ಬಂದು ದಾವೀದನಿಗೆ ಒಬ್ಬ ಶ್ರೀಮಂತ, ಒಬ್ಬ ಬಡವನ ಕತೆ ಹೇಳುತ್ತಾನೆ. ಬಡವನಿಗೆ ಇದ್ದದ್ದು ಒಂದೇ ಕುರಿಮರಿ. ಅದು ಅವನ ತುತ್ತಿನಲ್ಲಿ ಉಣ್ಣುತ್ತಿತ್ತು, ಅವನ ಬಟ್ಟಲಿನಲ್ಲಿ ಕುಡಿಯುತ್ತಿತ್ತು, ಅವನ ಮಡಿಲಲ್ಲಿ ಮಲಗುತ್ತಿತ್ತು. ಉಣ್ಣು, ಕುಡಿ, ಮಲಗು: ಊರೀಯ ಬೇಡವೆಂದ ಮೂರೂ ಕ್ರಿಯೆಗಳು ಅದೇ ಕ್ರಮದಲ್ಲಿ ಬಂದಿವೆ. ಸತ್ತವನ ಮಾತು ಅರಸನ ಕಿವಿಗೆ ಎರಡನೆಯ ಸಲ ಬೀಳುತ್ತಿದೆ, ಅವನಿಗೆ ಗೊತ್ತಾಗುತ್ತಿಲ್ಲ. ಶ್ರೀಮಂತ ಆ ಮರಿಯನ್ನು ‘ತೆಗೆದುಕೊಂಡ’ ಎಂಬಲ್ಲಿರುವುದೂ ದಾವೀದ ಅವಳನ್ನು ‘ತೆಗೆದುಕೊಂಡ’ ಎಂಬಲ್ಲಿನ ಕ್ರಿಯಾಪದವೇ. ದಾವೀದ ಸಿಟ್ಟಿಗೆದ್ದು ನಾಲ್ಕರಷ್ಟು ಕೊಡಬೇಕು ಎನ್ನುತ್ತಾನೆ. ಕದ್ದ ಕುರಿಗೆ ನಾಲ್ಕು ಕುರಿ ಎಂಬುದು ವಿಮೋಚನಕಾಂಡ 22ರ ಕಾನೂನು. ಆಗ ನಾತಾನ್, ಆ ಮನುಷ್ಯ ನೀನೇ ಎನ್ನುತ್ತಾನೆ. ಕುರಿಮರಿಯ ತಪ್ಪೇನು ಎಂದು ಯಾರೂ ಕೇಳುವುದಿಲ್ಲ. ಬತ್ಷೆಬೆಯನ್ನು ದೂಷಿಸುವ ಒಂದೇ ಒಂದು ವಾಕ್ಯ ಎರಡೂ ಅಧ್ಯಾಯಗಳಲ್ಲಿ ಇಲ್ಲ.

ಹಾಗಿದ್ದರೂ ಕತೆ ಕೆಡುವುದೇಕೆ? ಒಂದು ಕಾರಣ ಕತ್ತರಿ. ಅಧ್ಯಾಯಗಳ ವಿಂಗಡಣೆ 13ನೇ ಶತಮಾನದ್ದು, ಮೂಲದ ಲೇಖಕ ಮಾಡಿದ್ದಲ್ಲ. ಆರಾಧನೆಯ ಪಾಠಪಟ್ಟಿಗಳು ಇನ್ನೂ ಕತ್ತರಿಸುತ್ತವೆ. ಅನೇಕ ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಮೂರು ವರ್ಷದ ಪಟ್ಟಿಯಲ್ಲಿ ಒಂದು ಭಾನುವಾರ 11:1-15, ಮುಂದಿನ ಭಾನುವಾರ 11:26ರಿಂದ. ನಡುವೆ ಬಿಟ್ಟುಹೋದ ಹತ್ತು ವಚನಗಳಲ್ಲೇ ಊರೀಯ ಸಾಯುವುದು. ಕಥೋಲಿಕರದ್ದೂ ಮೂರು ವರ್ಷದ ಪಟ್ಟಿಯೇ, ಅದರ ಮೂರನೆಯ ವರ್ಷವಾದ ‘ಸಿ’ ವರ್ಷದಲ್ಲಿ ಸಾಧಾರಣ ಕಾಲದ (ಹಬ್ಬದ ಕಾಲಗಳ ಹೊರಗಿನ ದಿನಗಳ) 11ನೇ ಭಾನುವಾರದ ವಾಚನ 12:7-10 ಮತ್ತು 13. ಅಂದು ನಾತಾನನ ಆರೋಪ ಕೇಳಿಸುತ್ತದೆ, ಕುರಿಮರಿಯ ಕತೆ ಕೇಳಿಸುವುದಿಲ್ಲ. ಪ್ರಸಂಗ ಮಾಡುವವರು 11:1ರಿಂದ 12:25ರವರೆಗೆ, ಒಟ್ಟು 52 ವಚನ, ಒಮ್ಮೆ ಗಟ್ಟಿಯಾಗಿ ಓದಿಕೊಂಡರೆ ಸಾಕು. ಹತ್ತು ಹನ್ನೆರಡು ನಿಮಿಷದ ಕೆಲಸ.

ಇನ್ನೊಂದು ತಪ್ಪು ಇದಕ್ಕಿಂತ ಕ್ರೂರ. ನಾತಾನ್ ಹೇಳಿದಂತೆಯೇ ದಾವೀದ-ಬತ್ಷೆಬೆಯರ ಮಗು ಏಳನೆಯ ದಿನ ಸಾಯುತ್ತದೆ. ಅದನ್ನೇ ಸೂತ್ರ ಮಾಡಿಕೊಂಡು, ಅಪ್ಪ ಅಮ್ಮ ಮಾಡಿದ್ದು ಮಕ್ಕಳಿಗೆ ತಟ್ಟುತ್ತದೆ ಎಂದು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೂ ಹೇಳುವವರಿದ್ದಾರೆ. ಮೂಲ ಹೇಳುವುದು ಈ ಒಬ್ಬ ಅರಸನಿಗೆ ಒಬ್ಬ ಪ್ರವಾದಿ ತಿಳಿಸಿದ ಮಾತನ್ನು. ಅದು ಓದುಗರನ್ನು ಕಾಡಬೇಕಾದ ಮಾತೇ, ತೇಲಿಸಿಬಿಡುವಂಥದ್ದಲ್ಲ. ಆದರೆ ಬೈಬಲೇ ಅದನ್ನು ನಿಯಮವಾಗಲು ಬಿಡುವುದಿಲ್ಲ. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುತ್ತದೆ ಎಂಬ ಗಾದೆಯನ್ನು ಇನ್ನು ಆಡಬೇಡಿ ಎನ್ನುತ್ತದೆ ಯೆಹೆಜ್ಕೇಲ 18. ಹುಟ್ಟುಕುರುಡನನ್ನು ತೋರಿಸಿ ಪಾಪ ಯಾರದ್ದು, ಇವನದ್ದೋ ಹೆತ್ತವರದ್ದೋ ಎಂದು ಶಿಷ್ಯರು ಕೇಳಿದಾಗ ಇಬ್ಬರದ್ದೂ ಅಲ್ಲ ಎಂದನು ಯೇಸು (ಯೋಹಾನ 9). ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿರಲಿಲ್ಲವೆಂದೂ ಅವನೇ ಹೇಳಿದ್ದಾನೆ (ಲೂಕ 13).

ದಾವೀದನ ಪಶ್ಚಾತ್ತಾಪವನ್ನು ಅಳೆಯಲು ಹೋಲಿಕೆಯೊಂದು ಸಿಗುತ್ತದೆ. ಸಮುವೇಲನ ಮೊದಲನೆಯ ಗ್ರಂಥದ 15ನೇ ಅಧ್ಯಾಯದಲ್ಲಿ ದಾವೀದನಿಗಿಂತ ಮುಂಚಿನ ಅರಸ ಸೌಲನೂ ಪಾಪಮಾಡಿದ್ದೇನೆ ಎನ್ನುತ್ತಾನೆ, ಆದರೆ ಜನರಿಗೆ ಹೆದರಿದೆ ಎಂದು ಸೇರಿಸುತ್ತಾನೆ, ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದೂ ಕೇಳಿಕೊಳ್ಳುತ್ತಾನೆ. ದಾವೀದ ‘ಆದರೆ’ ಹಚ್ಚುವುದಿಲ್ಲ, ಅವಳ ಹೆಸರೆತ್ತುವುದಿಲ್ಲ. ಅವನೇ ಅವಳ ಮೇಲೆ ಹಾಕದ ತಪ್ಪನ್ನು ನಮ್ಮ ಅಂಕಣಗಳು ಹಾಕುತ್ತಿವೆ. ಮತ್ತಾಯನ ವಂಶಾವಳಿ ಕೂಡ ಬತ್ಷೆಬೆ ಎನ್ನದೆ ‘ಊರೀಯನ ಹೆಂಡತಿ’ ಎಂದೇ ಬರೆಯುತ್ತದೆ. ಅರಸನ ಕಡತದಿಂದ ಅಳಿಸಿಹೋಗಬೇಕಿದ್ದ ಹೆಸರು ಯೇಸುವಿನ ವಂಶಾವಳಿಯಲ್ಲಿ ಕೂತಿದೆ.

ನಿಮ್ಮಲ್ಲಿ ಸಣ್ಣ ಕೋರಿಕೆ. ಬೈಬಲಿನ ಕತೆ ಪ್ರಕಟಿಸುವಾಗ ಗ್ರಂಥ, ಅಧ್ಯಾಯ, ವಚನದ ಸಂಖ್ಯೆಯನ್ನು ಅಂಕಣದ ಕೆಳಗೆ ಅಚ್ಚು ಹಾಕಿಸಿ. ಒಂದು ಸಾಲಿನ ಜಾಗ ಸಾಕು.

ಇತಿ,
ಬೈಬಲ್ ತರಗತಿಯ ಶಿಕ್ಷಕಿ, ಮಂಗಳೂರು